ಹಿಲಾಲಿಗೆ ಮಾಡಿದ ಮುಖ

ಬಣ್ಣ ಹಚ್ಚಿ ಮುಗಿಸಿದ ಮಹಿಷಾಸುರನ ಕಾಗದದ ಮುಖವಾಡವನ್ನು ಪಡಸಾಲೆಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದರೆ ಯಾರಾದರೂ ‘ಭಾರಿ ಆಗೇತಿ’ ಅನ್ನುತ್ತಾರೆ. ಅದೇ ಮುಖವಾಡ ನವಮಿಯ ರಾತ್ರಿ ದ್ಯಾಮವ್ವನ ಗುಡಿಯ ಮುಂದೆ, 30 ಅಡಿ ದೂರ ಕೂತವರ ಕಣ್ಣಿಗೆ, ಕರೇ ಬುಟ್ಟಿ ಬೋರಲು ಹಾಕಿದಂತೆ ಕಾಣುತ್ತದೆ. ನೀಲಿ ಮೈಬಣ್ಣ, ಹಸಿರು ಹುಬ್ಬು, ಕೆನ್ನೆಯ ಮೇಲೆ ಕೂದಲೆಳೆಯಷ್ಟು ಸಣ್ಣದಾಗಿ ಬರೆದ ಬಳ್ಳಿ, ಎಲ್ಲವನ್ನೂ ಹಿಲಾಲು, ಅಂದರೆ ಎಣ್ಣೆಯ ಪಂಜು, ನುಂಗಿರುತ್ತದೆ. ಮಾಡಿದವರ ಕೈ ಕೆಟ್ಟದ್ದಲ್ಲ. ಯಾವ ಬೆಳಕಿಗೆ, ಎಷ್ಟು ದೂರಕ್ಕೆ, ಯಾರ ಕುತ್ತಿಗೆಯ ಮೇಲೆ ಎಂದು ಮಣ್ಣು ಮುಟ್ಟುವ ಮೊದಲೇ ಕೇಳಿಕೊಳ್ಳಬೇಕಿತ್ತು, ಕೇಳಿಕೊಂಡಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ದಸರಾಕ್ಕೆ ದೇವಿ ಪುರಾಣ ಹಚ್ಚುವ ಊರುಗಳು ಬಹಳ. ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಮಹಿಷನ ವಧೆಯ ಭಾಗ ಬಂದ ರಾತ್ರಿ ಅದನ್ನು ಆಡಿಯೂ ತೋರಿಸೋಣ ಎಂಬ ಹುಮ್ಮಸ್ಸು ಹುಡುಗರಿಗೆ ಬರುವುದು ಸಹಜ. ಆದರೆ ನಮ್ಮ ಕಡೆ ಸೋಗು ಅಂದರೆ ಹೆಚ್ಚಾಗಿ ಮುಖಕ್ಕೇ ಬಣ್ಣ ಬಳಿದ ಸೋಗು. ಬಾಗಲಕೋಟೆಯ ಹೋಳಿಯಲ್ಲಿ ಬರುವ ಸೋಗಿನ ಬಂಡಿಗಳಲ್ಲಿ ಕೂತವರದೂ ಹಾಗೆ, ದೊಡ್ಡಾಟದ ವೇಷಗಳೂ ಹಾಗೆ: ಕಿರೀಟ, ಭುಜಕೀರ್ತಿ, ಹುಬ್ಬು, ಮೀಸೆ. ಪೂರ್ತಿ ಮುಖವಾಡ ಹಾಕಿ ದೇವಿಯ ಯುದ್ಧ ಆಡುವುದನ್ನು ನೋಡಬೇಕೆಂದರೆ ಮಹಾರಾಷ್ಟ್ರದ ಪಾಲಘರ್, ನಾಸಿಕ್ ಕಡೆಯ ಗುಡ್ಡಗಾಡಿನ ಬೋಹಾಡಾ ಎಂಬ ಮುಖವಾಡದ ಆಟ ನೋಡಬೇಕು. ಅಲ್ಲಿ ರಾತ್ರಿಯಿಡೀ ಒಂದಾದ ಮೇಲೊಂದು ‘ಸೋಂಗ’ ಬರುತ್ತದೆ. ನಮ್ಮ ಸೋಗು, ಅವರ ಸೋಂಗ, ಮಾತು ಒಂದೇ. ಮೊದಲು ಗಣಪತಿ, ಸರಸ್ವತಿ. ಕಟ್ಟಕಡೆಗೆ ಜಗದಂಬೆ ಮತ್ತು ಮಹಿಷ. ಎರಡೂ ಬದಿ ಹಿಲಾಲು ಹಿಡಿದವರು, ನಡುವಿನ ಓಣಿಯಲ್ಲಿ ಕುಣಿತ, ಜೊತೆಗೆ ಸಂಬಾಳ ಎಂಬ ಜೋಡಿ ಚರ್ಮವಾದ್ಯ. ಗೊಂದಲಿಗರ ಸಂಬಾಳ, ತುಂತುಣಿ, ದೀವಟಿಗೆ ನೋಡಿ ಬೆಳೆದ ಬೆಳಗಾವಿಯವರಿಗೆ ಇದರಲ್ಲಿ ಅರ್ಧ ಗುರುತಿನದೇ ಅನ್ನಿಸುತ್ತದೆ.

ಮೊದಲು ಬೆಳಕು. ಎಣ್ಣೆಯ ಹಿಲಾಲಿನ ಬೆಳಕು ಕೆಂಪು-ಹಳದಿಯದು, ನೀಲಿಯ ಪಾಲು ಅದರಲ್ಲಿ ಬಹಳ ಕಡಿಮೆ. ಬೆಳಕಿನಲ್ಲೇ ಇಲ್ಲದ ನೀಲಿಯನ್ನು ಮುಖವಾಡದ ನೀಲಿ ಎಲ್ಲಿಂದ ತಿರುಗಿಸಿ ಕೊಟ್ಟೀತು? ಕಪ್ಪಾಗಿ ನಿಲ್ಲುತ್ತದೆ. ಕಡು ಹಸಿರಿನ ಗತಿಯೂ ಅದೇ. ಕೆಂಪು, ಕೇಸರಿ ಉರಿಯುತ್ತವೆ. ಬಿಳಿ ಮತ್ತು ತಿಳಿ ಹಳದಿ ಒಂದರೊಳಗೊಂದು ಬೆರೆತುಹೋಗುತ್ತವೆ. ಹಾಗಾಗಿ ಹಳದಿ ಮುಖದ ದೇವಿಗೆ ಬಿಳಿ ಬಣ್ಣದಲ್ಲಿ ಬರೆದ ಮೂಗುತಿ, ಮುತ್ತಿನ ಸಾಲು ದೂರಕ್ಕೆ ಕಾಣುವುದಿಲ್ಲ. ಸುತ್ತ ಕೆಂಪೋ ಕಪ್ಪೋ ಅಂಚು ಕಟ್ಟಲೇಬೇಕು. ಅಸುರನಿಗೆ ನೀಲಿಯೇ ಬೇಕೆಂದು ಹಟವಿದ್ದರೆ ನೀಲಿಯ ಪಕ್ಕ ಬಿಳಿ ಗೆರೆ ಎಳೆಯಿರಿ. ಗೆರೆ 5 ಮಿಲಿಮೀಟರಿಗಿಂತ ಸಣ್ಣದಾದರೆ 30 ಅಡಿಗೆ ಅದು ಗೆರೆಯಾಗಿ ಉಳಿಯುವುದಿಲ್ಲ.

ಬೆಳಕು ಬರುವ ದಿಕ್ಕು ಬಣ್ಣಕ್ಕಿಂತ ದೊಡ್ಡ ಮಾತು. ಹಿಲಾಲನ್ನು ಎದೆಮಟ್ಟದಲ್ಲಿ ಹಿಡಿಯುತ್ತಾರೆ, ಬೆಳಕು ಕೆಳಗಿನಿಂದ ಮೇಲಕ್ಕೆ ಬೀಳುತ್ತದೆ. ಗದ್ದ, ಕೆಳತುಟಿ, ಮೂಗಿನ ಹೊಳ್ಳೆ, ಹುಬ್ಬಿನ ಕೆಳಭಾಗ ಬೆಳಗುತ್ತವೆ. ಮೂಗಿನ ನೆರಳು ಹಣೆಗೆ ಏರುತ್ತದೆ. ಉರಿ ಅಲುಗಿದಂತೆ ಆ ನೆರಳೂ ಅಲುಗುತ್ತದೆ, ನಿಂತಲ್ಲೇ ನಿಂತ ಮುಖ ಉಸಿರಾಡಿದಂತೆ ತೋರುತ್ತದೆ. ಈಗ ಇದೇ ಮುಖವಾಡವನ್ನು ಕಂಬದ ಮೇಲಿನ ಹ್ಯಾಲೊಜನ್ ಕೆಳಗೆ ನಿಲ್ಲಿಸಿ. ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಕಣ್ಣೇ ಮಾಯ. ಎಷ್ಟೋ ಕಡೆ ‘ಮುಖವಾಡದಾಗ ಕಳೀನ ಇಲ್ಲ’ ಎಂದು ಬಣ್ಣದವನನ್ನು ಬೈಯುತ್ತಾರೆ. ಬೈಯಬೇಕಾದದ್ದು ಲೈಟಿನವನನ್ನು. ಹಿಲಾಲು ಹಚ್ಚಲು ಅನುಮತಿ ಇಲ್ಲದ ಕಡೆ 2700 ಕೆಲ್ವಿನ್‌ನ ಹಳದಿ ಬಲ್ಬುಗಳನ್ನು 3 ಅಡಿ ಎತ್ತರದಲ್ಲಿ ಎರಡೂ ಬದಿಗೆ ಇಟ್ಟು, ಮೇಲಿನ ದೀಪ ಆರಿಸಿದರೆ ಅರ್ಧ ಸೊಬಗಾದರೂ ಉಳಿಯುತ್ತದೆ.

ಇನ್ನು ಮಣ್ಣು. ಮುಖವಾಡ ಕಾಗದದ್ದು, ಕಾಗದ ಹಚ್ಚುವ ಅಚ್ಚು ಮಣ್ಣಿನದು. ಒಂದು ಮುಖದ ಅಚ್ಚಿಗೆ 5ರಿಂದ 6 ಕಿಲೋ ಬೇಕು. ವಿಜಯಪುರ, ಬಾಗಲಕೋಟೆಯವರು ಹೊಲದ ಎರೆಮಣ್ಣು ಕೈಗೆ ಸಿಗುತ್ತದೆಂದು ಅದರಲ್ಲೇ ಅಚ್ಚು ಕಟ್ಟಬಾರದು. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ; ಬೇಸಿಗೆಯ ಹೊಲ ಬಾಯಿ ಬಿಡುವ ಹಾಗೆ ದೇವಿಯ ಹಣೆ ಎರಡು ಹೋಳಾಗುತ್ತದೆ. ಕುಂಬಾರರ ಮಣ್ಣು ತಂದು, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಸಣ್ಣ ಉಸುಕು ಕಲಸಿ, ಒಂದು ರಾತ್ರಿ ಒದ್ದೆ ಗೋಣಿ ಮುಚ್ಚಿಡಿ. ದೊಡ್ಡವರ ಮುಖ ಹಣೆಯ ಕೂದಲಿನಿಂದ ಗದ್ದದವರೆಗೆ 18-19 ಸೆಂಟಿಮೀಟರ್ ಇದ್ದರೆ ಅಚ್ಚು 26-28 ಇರಲಿ. ನೈಜ ಅಳತೆಗೇ ಮಾಡಿದರೆ ಸೀರೆ, ಕಿರೀಟ, ಕೊಂಬಿನ ನಡುವೆ ಮುಖ ಸಣ್ಣದಾಗಿ, ತೆಂಗಿನಕಾಯಿಗೆ ಕುಂಕುಮ ಹಚ್ಚಿದಷ್ಟೇ ಕಾಣುತ್ತದೆ. ಮೂಗಿನ ಜಾಗದಲ್ಲಿ ಒಳಗೆ ಒಂದೂವರೆ ಸೆಂಟಿಮೀಟರ್ ಖಾಲಿ ಉಳಿಯಬೇಕು, ಇಲ್ಲವಾದರೆ ಐದು ನಿಮಿಷಕ್ಕೆ ಉಸಿರು ಕಟ್ಟುತ್ತದೆ. ಕಿವಿ, ಹೊರಚಾಚಿದ ನಾಲಿಗೆ, ಗದ್ದದ ಕೆಳಗಿನ ತಿರುವು ಇವನ್ನು ಅಚ್ಚಿನಲ್ಲಿ ಮಾಡಬೇಡಿ. ಕಾಗದ ಅದರ ಕೆಳಗೆ ಸಿಕ್ಕಿಕೊಂಡರೆ ಕಳಚಿ ಬರುವುದಿಲ್ಲ, ಎಳೆದರೆ ಹರಿಯುತ್ತದೆ. ಅವನ್ನು ಆಮೇಲೆ ಬೇರೆಯಾಗಿ ಅಂಟಿಸುವುದು.

ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಚರಿದಾ ಎಂಬ ಊರಿನವರು ಛಾವು ಕುಣಿತಕ್ಕೆ ಮುಖವಾಡ ಮಾಡುವುದರಲ್ಲಿ ಹೆಸರಾದವರು; ಮಹಿಷಾಸುರಮರ್ದಿನಿ ಆ ಕುಣಿತದ ಹೆಸರಾಂತ ಪ್ರಸಂಗ. ಯುನೆಸ್ಕೋ ಪಟ್ಟಿಗೆ ಛಾವು 2010ರಲ್ಲಿ ಸೇರಿತು. ಅವರು ಮಣ್ಣಿನ ಅಚ್ಚಿನ ಮೇಲೆ ಸಣ್ಣ ಬೂದಿ ಉದುರಿಸಿ ಆಮೇಲೆ ಕಾಗದ ಹಚ್ಚುತ್ತಾರೆ. ಒಣಗಿದ ಮೇಲೆ ಸಿಪ್ಪೆ ಬಿಟ್ಟಂತೆ ಬಿಡುತ್ತದೆ. ನಮ್ಮಲ್ಲಿ ಕೆಲವರು ಎಣ್ಣೆ ಸವರುತ್ತಾರೆ. ಎಣ್ಣೆ ಒಳಪದರಕ್ಕೆ ಇಳಿದು ಮುಂದೆ ಅಂಟು ಹಿಡಿಯದಂತೆ ಮಾಡುತ್ತದೆ. ಕುಳ್ಳಿನ ಬೂದಿಯನ್ನು ತೆಳು ಅರಿವೆಯಲ್ಲಿ ಸೋಸಿ ಉದುರಿಸಿದರೆ ಸಾಕು, ಖರ್ಚೂ ಇಲ್ಲ.

ಕಾಗದವನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ಹರಿದ ಅಂಚು ತೆಳ್ಳಗಾಗಿ ಪಕ್ಕದ ತುಂಡಿನೊಳಗೆ ಬೆರೆಯುತ್ತದೆ. ಕತ್ತರಿಸಿದ ಅಂಚು ಮೆಟ್ಟಿಲಿನಂತೆ ಎದ್ದು ನಿಂತು ಬಣ್ಣದ ಮೇಲೂ ಕಾಣುತ್ತದೆ. ಮೊದಲ ಪದರ ಬರೀ ನೀರಿನಲ್ಲಿ ಅದ್ದಿದ್ದು, ಅಂಟು ಬೇಡ. ಆಮೇಲೆ 8ರಿಂದ 10 ಪದರ ಅಂಟಿನದು. ಒಂದು ಪದರ ರದ್ದಿ ಪತ್ರಿಕೆ, ಮುಂದಿನದು ಅಂಗಡಿಯ ಕಂದು ಕಾಗದ, ಹೀಗೆ ಬದಲಿಸುತ್ತ ಹೋದರೆ ಎಲ್ಲಿ ಎಷ್ಟು ಹಚ್ಚಿದೆವೆಂಬ ಲೆಕ್ಕ ತಪ್ಪುವುದಿಲ್ಲ. ಲೆಕ್ಕ ತಪ್ಪಿದ ಮುಖವಾಡದಲ್ಲಿ ಕೆನ್ನೆ ದಪ್ಪ, ಹಣೆ ತೆಳು. ಒಣಗುವಾಗ ತೆಳು ಕಡೆಗೆ ಎಳೆದು ಮುಖ ಸೊಟ್ಟಗಾಗುತ್ತದೆ. ನಾಲ್ಕು ಪದರಕ್ಕೆ ನಿಲ್ಲಿಸಿ, ಒಂದು ದಿನ ಒಣಗಿಸಿ, ಮತ್ತೆ ನಾಲ್ಕು. ಎಲ್ಲವನ್ನೂ ಒಂದೇ ದಿನ ಹಚ್ಚಿದರೆ ಹೊರಗೆ ಒಣಗಿ ಒಳಗೆ ಕೊಳೆತು ವಾಸನೆ ಬರುತ್ತದೆ. ಕೊನೆಯ ಪದರ ಹಳೇ ಧೋತರದ ತುಂಡು. ಬಿದ್ದರೂ ಒಡೆಯದಂತೆ ಹಿಡಿಯುವುದು ಅದೇ.

ಒಣಗಿಸುವಲ್ಲಿ ಊರೂರಿಗೂ ವ್ಯತ್ಯಾಸ. ಬೆಳಗಾವಿ, ಖಾನಾಪುರ ಕಡೆ ಭಾದ್ರಪದದಲ್ಲಿ ಇನ್ನೂ ಜಿಟಿಜಿಟಿ ಮಳೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೂ ಐದಾರು ದಿನ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ವಿಜಯಪುರದಲ್ಲಿ ಮಳೆ ಅದರ ಅರ್ಧವೂ ಇಲ್ಲ. ಅಲ್ಲಿ ಇರುವ ಅಪಾಯ ತದ್ವಿರುದ್ಧ: ಮಾಳಿಗೆಯ ಬಿಸಿಲಿಗಿಟ್ಟರೆ ಮೇಲ್ಪದರ ಎರಡೇ ತಾಸಿನಲ್ಲಿ ಬಿಗಿದು ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಬೆಳಗಾವಿಯವರು ದಸರಾಕ್ಕೆ ಒಂದು ತಿಂಗಳು ಮೊದಲೇ ಶುರು ಮಾಡಬೇಕು. ವಿಜಯಪುರದವರು ಎರಡು ವಾರದಲ್ಲಿ ಮುಗಿಸಬಹುದು, ಆದರೆ ನೆರಳಿನಲ್ಲಿ.

ಅಂಟಿನ ವಿಷಯದಲ್ಲಿ ನನ್ನ ಮತ ಹುಣಸೆ ಬೀಜಕ್ಕೆ. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿದ ಹಿಟ್ಟು 100 ಗ್ರಾಂ, ನೀರು 1 ಲೀಟರ್. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸಣ್ಣ ಉರಿಯಲ್ಲಿ ಅರ್ಧ ತಾಸು ತಿರುವುತ್ತ ಕುದಿಸಿದರೆ ಅಂಬಲಿಗಿಂತ ಸ್ವಲ್ಪ ಗಟ್ಟಿ ಬರುತ್ತದೆ. ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟಿ ಕೆಟ್ಟಿತು. ಎರಡು ದಿನಕ್ಕಿಂತ ಇಟ್ಟರೆ ಹುಳಿಯುತ್ತದೆ. ಮೈದಾ ಗಂಜಿ ಸುಲಭ, ಆದರೆ ಅದನ್ನು ಇಲಿ, ಜಿರಳೆ ತಿನ್ನುತ್ತವೆ. ಮುಂದಿನ ದಸರಾಕ್ಕೆ ಗಂಟು ಬಿಚ್ಚಿದರೆ ದೇವಿಯ ಮೂಗೇ ಇರುವುದಿಲ್ಲ. ಹುಳ ಬೀಳದಿರಲಿ ಎಂದು ಒಂದು ಚಮಚ ಮೈಲುತುತ್ತ ಹಾಕುವ ರೂಢಿ ಇದೆ. ಅದು ವಿಷ. ಹಾಕುವುದಿದ್ದರೆ ಹೊರಗಿನ ಪದರಗಳಿಗಷ್ಟೇ ಹಾಕಿ, ಬಾಯಿ ಮೂಗು ತಾಗುವ ಒಳಗಿನ ಮೂರು ಪದರಕ್ಕೆ ಬೇಡ. ಫೆವಿಕಾಲ್‌ಗೆ ಸಮ ನೀರು ಬೆರೆಸಿ ಬಳಸುವವರೂ ಇದ್ದಾರೆ. ಗಟ್ಟಿಯೇನೋ ಹೌದು, ಆದರೆ ಬೆವರು ಹೀರುವುದಿಲ್ಲ, ಗದ್ದದಿಂದ ತೊಟ್ಟಿಕ್ಕುತ್ತದೆ.

ಹುಣಸೆ ಅಂಟಿನ ಈ ವಿದ್ಯೆ ಹೊರಗಿನದೇನಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೋಣಿಯ ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕೂಡಿಸಿ ಮಾಡುವ ಕಿಟ್ಟದಿಂದಲೇ ಹಗುರ ಮರದ ಗೊಂಬೆಗಳಿಗೆ ಮೈ ತುಂಬುತ್ತಾರೆ. ಗೋಕಾಕದ ಬಣ್ಣದ ಗೊಂಬೆಗಳೂ ಹಗುರ ಮರದವೇ. ನಮ್ಮ ಮುಖವಾಡದ ಹುಬ್ಬು, ಹೊಳ್ಳೆ, ತುಟಿಗೆ ಕಿಟ್ಟದಂಥದೇ ಒಂದು ಮುದ್ದೆ ಬೇಕು: 10 ಹಾಳೆ ಪತ್ರಿಕೆ ಎರಡು ದಿನ ನೆನೆಸಿ, ಒರಳಿನಲ್ಲಿ ಕುಟ್ಟಿ, ಹಿಂಡಿ, ಒಂದು ಮುಷ್ಟಿ ಸೀಮೆಸುಣ್ಣದ ಪುಡಿ ಮತ್ತು ಅಂಟು ಸೇರಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದುವುದು. ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ದಪ್ಪ ಹಚ್ಚಿದರೆ ಒಣಗುವಾಗ ಬಿರುಕು ಗ್ಯಾರಂಟಿ.

ದೇವಿಯ ಮುಖವೇ ಕಷ್ಟ. ಅಸುರ ಸುಲಭ, ಅವನಿಗೆ ಇರುವುದು ಒಂದೇ ಭಾವ. ಹಲ್ಲು ಕೋರೆ ದೊಡ್ಡದು ಮಾಡಿದರೆ ಮುಗಿಯಿತು. ದೇವಿ ಮಾತ್ರ ಅದೇ ಮುಖದಲ್ಲಿ ಸಿಟ್ಟಾಗಬೇಕು, ಕಡೆಗೆ ಹರಸಬೇಕು. ಮಧ್ಯದಲ್ಲಿ ಮುಖವಾಡ ಬದಲಿಸಲು ಬರುವುದಿಲ್ಲ. ಇದಕ್ಕೆ ಇರುವ ಉಪಾಯ ಕಣ್ಣಿನ ಮೇಲುರೆಪ್ಪೆಯಲ್ಲಿದೆ. ರೆಪ್ಪೆಯನ್ನು ಒಂದು ಸೆಂಟಿಮೀಟರಿನಷ್ಟು ಮುಂದೆ ಚಾಚಿ, ತುಟಿಯ ಕೊನೆಗಳನ್ನು ಒಂದೇ ಒಂದು ನೂಲು ಮೇಲಕ್ಕೆ ಎತ್ತಿರಬೇಕು. ಪಾತ್ರಧಾರಿ ಗದ್ದ ತಗ್ಗಿಸಿದರೆ ನೋಡುವವರಿಗೆ ರೆಪ್ಪೆ ಕಣ್ಣಿನ ಮೇಲೆ ಇಳಿದಂತಾಗಿ ಮುಖ ಬಿಗಿಯುತ್ತದೆ. ಗದ್ದ ಎತ್ತಿದರೆ ಕಣ್ಣು ತುಂಬ ತೆರೆದು ಮುಖ ಅರಳುತ್ತದೆ. ಮೊದಲೇ ನಗುವ ತುಟಿ ಬರೆದುಬಿಟ್ಟರೆ ಮಹಿಷನ ಎದೆಗೆ ಶೂಲ ಇಡುವಾಗಲೂ ಆಕೆ ಕ್ಯಾಲೆಂಡರಿನ ಲಕ್ಷ್ಮಿಯ ಹಾಗೆ ನಗುತ್ತಲೇ ಇರುತ್ತಾಳೆ. ಹೆಚ್ಚಿನ ಮುಖವಾಡಗಳು ಸೋಲುವುದು ಇಲ್ಲಿಯೇ.

ನೋಡಲು ತೂತು ಎಲ್ಲಿ? ಕಣ್ಣಿನ ಗೊಂಬೆಯಲ್ಲೇ ಕೊರೆದರೆ ದೇವಿಯ ನೋಟ ಸತ್ತುಹೋಗುತ್ತದೆ, ಕರೇ ತೂತಷ್ಟೇ ಉಳಿಯುತ್ತದೆ. ಕೆಳರೆಪ್ಪೆಯ ಕಾಡಿಗೆಯ ಗೆರೆಯೊಳಗೆ 4 ಸೆಂಟಿಮೀಟರ್ ಉದ್ದ, 6 ಮಿಲಿಮೀಟರ್ ಅಗಲದ ಸೀಳು ಮಾಡಿ ಒಳ ಅಂಚಿಗೂ ಕಪ್ಪು ಬಳಿದರೆ ಯಾರಿಗೂ ತಿಳಿಯುವುದಿಲ್ಲ. ಮುಖವಾಡ ದೊಡ್ಡದಾದ್ದರಿಂದ ಬರೆದ ಕಣ್ಣು ಹಾಕಿಕೊಂಡವರ ಕಣ್ಣಿಗಿಂತ ಸ್ವಲ್ಪ ಮೇಲೇ ಕೂಡುತ್ತದೆ, ಸೀಳು ಸರಿಯಾಗಿ ಅವರ ಕಣ್ಣೆದುರು ಬರುತ್ತದೆ. ಅಸುರನಿಗೆ ಹೊಳ್ಳೆ ಮತ್ತು ತೆರೆದ ಬಾಯಿ ಸಾಕು. ಎರಡರಲ್ಲೂ ಕಾಲಬುಡ ಕಾಣುವುದಿಲ್ಲ. ಆದ್ದರಿಂದ ಅಂಗಳದಲ್ಲಿ ಕಲ್ಲು, ವೈರು, ಬಿಚ್ಚಿದ ಚಪ್ಪಲಿ ಇರಕೂಡದು.

ಬಣ್ಣಕ್ಕೆ ಮೊದಲು ಸೀಮೆಸುಣ್ಣದ ಪುಡಿ ಮೂರು ಪಾಲು, ಅಂಟು ಒಂದು ಪಾಲು, ಬೇಕಷ್ಟು ನೀರು. ಹಾಲಿನಷ್ಟು ತೆಳುವಾಗಿ ನಾಲ್ಕು ಸಲ. ಮೊಸರಿನಷ್ಟು ದಪ್ಪ ಒಂದೇ ಸಲ ಬಳಿದರೆ ಕೆರೆಯಂಗಳದ ಹಾಗೆ ಚೂರುಚೂರಾಗಿ ಸೀಳುತ್ತದೆ. ಪಾಲಿಶ್ ಪೇಪರ್ ಮೊದಲು 120 ನಂಬರಿನದು, ಆಮೇಲೆ 220. ಹಳೇ ಪದ್ಧತಿಯಲ್ಲೇ ಮಾಡುತ್ತೇವೆಂದು ಗೋಡೆಗೆ ಬಳಿಯುವ ಸುಣ್ಣವನ್ನು ಅಡಿಗೆ ಹಾಕಿ ಮೇಲೆ ಅರಿಷಿಣ ಹಚ್ಚುವವರು ಒಂದು ಮಾತು ನೆನಪಿಡಿ: ಅರಿಷಿಣ ಸುಣ್ಣ ಕೂಡಿದರೆ ಕೆಂಪು. ಆರತಿಯ ತಟ್ಟೆಯ ಓಕುಳಿ ಆಗುವುದೇ ಹಾಗೆ. ಹೊನ್ನಿನ ಬಣ್ಣದ ದೇವಿ ಬೇಕೆಂದು ಹೊರಟವರ ಕೈಯಲ್ಲಿ ಇಟ್ಟಂಗಿ ಬಣ್ಣದ ದೇವಿ ಬರುತ್ತಾಳೆ. ಅರಿಷಿಣ ಬಿಸಿಲಿಗೆ ಬೇಗ ಮಾಸುತ್ತದೆ ಕೂಡ. ಕೆಂಪಿಗೆ ಹುರಮಂಜು ಎಂಬ ಕೆಮ್ಮಣ್ಣು, ಕಪ್ಪಿಗೆ ದೀಪದ ಕಾಡಿಗೆ ಮಾಸುವುದಿಲ್ಲ. ಆಯಿಲ್ ಪೇಂಟ್ ಮೈತುಂಬ ಬಳಿದರೆ ಉರಿಯ ಪ್ರತಿಬಿಂಬ ಎಲ್ಲೆಂದರಲ್ಲಿ ಮಿಂಚಿ ಉಬ್ಬುತಗ್ಗು ಒಂದೂ ತಿಳಿಯದು. ಮೈಯೆಲ್ಲ ಮಂದವಿರಲಿ; ವಾರ್ನಿಷ್ ಬರೀ ಕಣ್ಣಿನ ಗೊಂಬೆ, ಹಲ್ಲು, ನಾಲಿಗೆಗೆ. ಕತ್ತಲೆಯಲ್ಲಿ ಆ ಮೂರೇ ಹೊಳೆದರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ಕಣ್ಣು ಬರೆಯುವುದು ಎಲ್ಲಕ್ಕಿಂತ ಕಡೆಗೆ. ನಮ್ಮ ಗ್ರಾಮದೇವತೆಯ ಮರದ ಮೂರ್ತಿಗಳು ಜಾತ್ರೆಗೆ ಮೊದಲು ಬಣ್ಣಕ್ಕೆ ಹೋಗಿಬರುವ ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣ್ಣು ಬರೆದ ಮೇಲೆ ಮುಖವಾಡವನ್ನು ನೆಲಕ್ಕಿಡುವುದು ಬೇಡ, ಮೊರದಲ್ಲಿ ಅಕ್ಕಿ ಹರವಿ ಅದರ ಮೇಲಿಡಿ. ಭಕ್ತಿ ಇದ್ದವರಿಗೆ ಭಕ್ತಿ. ಇಲ್ಲದವರಿಗೂ ಲಾಭವಿದೆ, ಅಕ್ಕಿ ತೇವ ಹೀರುತ್ತದೆ, ಮೂಗಿನ ತುದಿ ಸವೆಯುವುದಿಲ್ಲ.

ತೂಕ. ಬರೀ ಮುಖ 350-400 ಗ್ರಾಂ ಬರಬೇಕು. ಕಿರೀಟವೋ ಕೊಂಬೋ ಸೇರಿ 800 ದಾಟಿದರೆ ಕುಣಿಯುವವರ ಕುತ್ತಿಗೆ ಹಿಡಿಯುತ್ತದೆ, ಕಿಲೋ ದಾಟಿದರೆ ಮುಖವಾಡ ಮುಂದಕ್ಕೆ ಜೋತು ಸೀಳು ಕೆನ್ನೆಗೆ ಇಳಿಯುತ್ತದೆ, ಅಸುರ ಕುರುಡ. ನಿಜವಾದ ಎಮ್ಮೆಯ ಕೊಂಬು ಕಟ್ಟುವ ಆಸೆ ಬಿಡಿ. ಬಿದಿರಿನ ಸಿಬಿರಿನ ಮೇಲೆ ಕಾಗದ ಸುತ್ತಿ ಮಾಡಿದ ಕೊಂಬು ಸಾಕು, ಆದರೆ ಅದನ್ನು ಮುಖವಾಡಕ್ಕೆ ಕಟ್ಟಬಾರದು. ಕೊಡ ಹೊರುವಾಗ ಇಡುವ ಸಿಂಬಿಯಂಥದೇ ಒಂದು ಸಿಂಬಿಗೆ ಬಿದಿರಿನ ಬಳೆ ಹೊಲಿದು, ಕೊಂಬನ್ನು ಅದಕ್ಕೆ ಬಿಗಿದು, ಮೇಲೆ ಪಟಗಾ ಸುತ್ತಿ. ಭಾರ ತಲೆಯ ಮೇಲೆ ನಿಲ್ಲುತ್ತದೆ, ಮುಖದ ಮೇಲಲ್ಲ. ಹಣೆ ಮತ್ತು ಎರಡು ಕೆನ್ನೆಗೆ ಮೂರು ಬಟ್ಟೆಯ ದಿಂಡು. ಹತ್ತಿಯವು, ಸ್ಪಂಜು ಬೇಡ, ಬೆವರಿಗೆ ಜಾರುತ್ತದೆ. ಕಿವಿಯ ಮೇಲೆ ಒಂದು, ಕೆಳಗೆ ಒಂದು, ಎರಡು ಜೊತೆ ನೂಲಿನ ಕಸೆ. ಎಲಾಸ್ಟಿಕ್ ಹಾಕಿದರೆ ಪ್ರತಿ ಹೆಜ್ಜೆಗೂ ಮುಖ ಕುಪ್ಪಳಿಸುತ್ತದೆ.

ಮುಖವಾಡ ಹಾಕಿದ ಮೇಲೆ ಮಾತಿಲ್ಲ. ಆಡಿದರೂ ಗಡಿಗೆಯೊಳಗಿನ ಮಾತು. ಕೊಂಕಣ, ಗೋವೆಯ ದಶಾವತಾರ ಆಟದ ಸಂಕಾಸುರ ಎಂಬ ರಾಕ್ಷಸನದು ಕರೇ ಬಟ್ಟೆಯ ಮುಸುಕು, ಕೆಂಪು ನಾಲಿಗೆ. ಬಟ್ಟೆಯಾದ್ದರಿಂದ ಅವನು ಮಾತಾಡಬಲ್ಲ. ಕಾಗದದ ಮುಖಕ್ಕೆ ಆ ಸೌಲಭ್ಯವಿಲ್ಲ. ಕಥೆಯನ್ನು ಪುರಾಣ ಓದುವವರಿಗೆ ಬಿಟ್ಟು, ಕುಣಿಯುವವರು ಹಲಗಿಗೆ ಕಿವಿ ಕೊಟ್ಟರೆ ಆಯಿತು. ಮುಖ ತಿರುಗಿಸುವುದು ಬರೀ ಕುತ್ತಿಗೆಯಿಂದಲ್ಲ, ಎದೆ ಸಮೇತ. ಕಿವಿಯ ಆಚೆ ತಿರುಗಿದರೆ ಕಸೆ, ಬೆವರಿದ ಕೊರಳು ಕಂಡು ದೇವಿ ಹೋಗಿ ನಮ್ಮೂರ ಹುಡುಗ ಬರುತ್ತಾನೆ. ಪ್ರತಿ ದಿಕ್ಕಿಗೆ ಮುಖ ಕೊಟ್ಟಾಗ ಮೂರು ಪೆಟ್ಟಿನಷ್ಟು ಕಾಲ ಅಲುಗದೆ ನಿಲ್ಲಬೇಕು. ಹೊಸಬರು ನಿಲ್ಲುವುದೇ ಇಲ್ಲ, ಕುಣಿದಷ್ಟೂ ಚಂದ ಅಂದುಕೊಳ್ಳುತ್ತಾರೆ. ನಿಂತಾಗಲೇ ಉರಿಯ ನೆರಳು ಮುಖದ ಮೇಲೆ ಕೆಲಸ ಮಾಡುವುದು. ಒಬ್ಬರು ಹತ್ತು ನಿಮಿಷಕ್ಕಿಂತ ಹೆಚ್ಚು ಒಳಗಿರಬಾರದು; ಮಹಿಷನಿಗೆ ಇಬ್ಬರನ್ನು ತಯಾರು ಮಾಡಿಟ್ಟುಕೊಳ್ಳಿ.

ಹಿಲಾಲಿಗೆ ಸೀಮೆಎಣ್ಣೆ ಬೇಡ. ಹೊಗೆ ಸೀಳಿನೊಳಗೆ ನುಗ್ಗಿ ಕಣ್ಣು ಉರಿಯುತ್ತದೆ, ಬಿಳಿ ಹಲ್ಲು ಒಂದೇ ರಾತ್ರಿಯಲ್ಲಿ ಕಪ್ಪು. ಕೊಬ್ಬರಿಯದೋ ಔಡಲದೋ ಎಣ್ಣೆ ನಿಧಾನಕ್ಕೆ ಉರಿಯುತ್ತದೆ. ಹಲಗಿಯವರು ಚರ್ಮ ಬಿಗಿಗೊಳಿಸಲು ಬೆಂಕಿ ಹಾಕುವ ಜಾಗವೂ ಮುಖವಾಡ ಇಡುವ ಜಾಗವೂ ಒಂದೇ ಮೂಲೆಯಾಗುವುದು ಪ್ರತಿ ಊರಿನ ಕಥೆ. ಹತ್ತು ಪದರ ಒಣ ಕಾಗದ ಅದು, ಮರೆಯಬೇಡಿ. ಎರಡು ಬಕೆಟ್ ಉಸುಕು ಹತ್ತಿರವಿರಲಿ.

ಆಟ ಮುಗಿದ ಮೇಲೆ ಏನು ಮಾಡುವುದೆಂಬುದರಲ್ಲೂ ಒಂದೊಂದು ಸೀಮೆಯ ಒಂದೊಂದು ರುಚಿ. ಕೇರಳದ ಪತ್ತನಂತಿಟ್ಟ ಕಡೆ ಭದ್ರಕಾಳಿಯ ಮುಂದೆ ನಡೆಯುವ ಪಡಯಣಿ ಕುಣಿತದ ಕೋಲಗಳು, ಅಂದರೆ ವೇಷದ ಮುಖಗಳು, ಹಸಿ ಅಡಿಕೆ ಹಾಳೆಯವು. ಮೇಲಿನ ಹಸಿರು ಕೆರೆದರೆ ಒಳಗಿನ ಬಿಳಿ ಸಿಗುತ್ತದೆ, ಕಪ್ಪು, ಕೆಂಪು, ಹಳದಿ ಅದರ ಮೇಲೆ. ಭೈರವಿ ಕೋಲಕ್ಕೆ 101 ಹಾಳೆಯವರೆಗೂ ಹೋಗುತ್ತದೆ. ಹಾಳೆ ಒಣಗಿದರೆ ಸುರುಳಿಯಾಗುವುದರಿಂದ ಆ ರಾತ್ರಿಗೆಂದೇ ಮಾಡಿ, ಆಡಿದ ಮೇಲೆ ಬಿಟ್ಟುಬಿಡುತ್ತಾರೆ. ಕಾಗದದ್ದು ಹಾಗಲ್ಲ, ಏಳೆಂಟು ದಸರಾ ಬರುತ್ತದೆ. ಆ ರಾತ್ರಿಯೇ ಒಳಭಾಗದ ಬೆವರನ್ನು ಒಣ ಅರಿವೆಯಿಂದ ಒರೆಸಿ, ಎರಡು ದಿನ ಗಾಳಿಗೆ ಬೋರಲು ಹಾಕದೆ ಅಂಗಾತ ಇಟ್ಟು, ಆಮೇಲೆ ಬೇವಿನ ಸೊಪ್ಪು ಹಾಕಿದ ಬಿದಿರಿನ ಬುಟ್ಟಿಗೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವವೇ ಅದನ್ನು ತಿನ್ನುತ್ತದೆ. ದೇವಿಯನ್ನೂ ಮಹಿಷನನ್ನೂ ಒಂದೇ ಬುಟ್ಟಿಯಲ್ಲಿ ಇಡುವುದು ಬೇಡ ಅನ್ನುತ್ತಾರೆ ಹಿರಿಯರು. ಕೊಂಬಿನ ಸಿಬಿರು ತಾಗಿ ದೇವಿಯ ಕೆನ್ನೆಯ ಬಣ್ಣ ಕಿತ್ತುಬರುವುದಂತೂ ಖರೆ. ಕಸೆಗಳನ್ನು ಮಾತ್ರ ಪ್ರತಿ ವರ್ಷ ಹೊಸದು ಹಾಕಿ, ಹಳೇ ನೂಲು ಬೆವರಿನ ಉಪ್ಪಿಗೆ ಒಳಗೊಳಗೇ ಸವೆದಿರುತ್ತದೆ.